ರೇಡಿಯೊ ಕಾಮೆಂಟರಿ ಕೇಳಿ ಬೆಳೆದವರು ಯಾರ್ಯಾರಿದ್ದೀರಿ? ನಿಮ್ಮ ಕಿವಿಯಲ್ಲಿ ಉಳಿದ ಮ್ಯಾಚ್ ಯಾವುದು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟ ಗುಡಿಸುವಾಗ ಎರಡು ವಸ್ತು ಸಿಕ್ಕವು. ಒಂದು, ಚರ್ಮದ ಕವರಿನ ಫಿಲಿಪ್ಸ್ ಟ್ರಾನ್ಸಿಸ್ಟರ್. ಇನ್ನೊಂದು, ಅಪ್ಪಯ್ಯನ ಅಡಿಕೆ ಲೆಕ್ಕದ ಪುಸ್ತಕ. ಉದ್ದನೆಯದು, ಕೆಂಪು ರಟ್ಟಿನದು. ಮುಂದಿನಿಂದ ತೆಗೆದರೆ ಕೊನೆಕೊಯ್ಲಿನ ಕೂಲಿ, ಮಂಡಿಗೆ ಹಾಕಿದ ಚೀಲ, ಅದರಲ್ಲಿ ರಾಶಿ ಅಡಿಕೆ ಎಷ್ಟು, ಬೆಟ್ಟೆ ಅಡಿಕೆ ಎಷ್ಟು. ಹಿಂದಿನಿಂದ ತೆಗೆದರೆ ಕ್ರಿಕೆಟ್ ಸ್ಕೋರು.

ಪುಟಕ್ಕೆ ಸ್ಕೇಲ್ ಹಿಡಿದು ಗೆರೆ ಎಳೆದಿದ್ದಾರೆ. ರನ್ ಬರದ ಬಾಲಿಗೆ ಚುಕ್ಕೆ, ವಿಕೆಟ್ ಬಿದ್ದರೆ ಸುತ್ತ ವೃತ್ತ. ಹೆಸರೆಲ್ಲ ಕನ್ನಡದಲ್ಲೇ. ‘ಗ್ರೀನಿಜ್’, ‘ಹೇನ್ಸ್’, ‘ರಿಚರ್ಡ್ಸ್’. 1983ರ ಜೂನ್ 25, ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸ್ ಜೊತೆಗಿನ ವಿಶ್ವಕಪ್ ಫೈನಲ್‌ನ ಪುಟ ತೆಗೆದು ಅಟ್ಟದ ಮೇಲೆಯೇ ಕೂತುಬಿಟ್ಟೆ.

ಆ ದಿನ ನಾನು ನಾಲ್ಕನೇ ಕ್ಲಾಸು. ಹೊರಗೆ ಮಳೆ ಹೊಡೆಯುತ್ತಿತ್ತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ರೇಡಿಯೊ ಕೇಳಿಸುತ್ತಿರಲಿಲ್ಲ. ಅಪ್ಪಯ್ಯ ತಾಮ್ರದ ತಂತಿಯ ಒಂದು ತುದಿಯನ್ನು ಏರಿಯಲ್‌ಗೆ ಸುತ್ತಿ, ಇನ್ನೊಂದನ್ನು ಕಿಟಕಿಯಿಂದ ಹೊರಗೆ ಬಿಟ್ಟು ಅಡಿಕೆ ಮರಕ್ಕೆ ಕಟ್ಟಿದ್ದರು. ಮಿಂಚಿದಾಗಲೆಲ್ಲ ಶಾರ್ಟ್‌ವೇವ್‌ನಲ್ಲಿ ‘ಚಟ್’ ಅಂತ ಸದ್ದು. ನಾವು 183ಕ್ಕೆ ಆಲೌಟ್ ಆದಾಗ ಅಮ್ಮ ‘ಸಾಕು, ಊಟಕ್ಕೆ ಏಳಿ’ ಅಂದರು. ಅಪ್ಪಯ್ಯ ಏಳಲಿಲ್ಲ.

ಆಮೇಲೆ ಬಿತ್ತು ನೋಡಿ. 5ಕ್ಕೆ ಗ್ರೀನಿಜ್. 50ಕ್ಕೆ ಹೇನ್ಸ್. 57ಕ್ಕೆ ರಿಚರ್ಡ್ಸ್. ಮದನ್ ಲಾಲ್ ಬಾಲು, ಕಪಿಲ್ ಹಿಂದಕ್ಕೆ ಓಡಿ ಹಿಡಿದ ಕ್ಯಾಚು. ಅಪ್ಪಯ್ಯನ ಪೆನ್ಸಿಲ್ ಆ ವೃತ್ತವನ್ನು ಎಷ್ಟು ಒತ್ತಿ ಹಾಕಿದೆ ಅಂದರೆ ಹಿಂದಿನ ಪುಟದಲ್ಲೂ ಗುರುತು ಮೂಡಿದೆ. 66ಕ್ಕೆ ಗೋಮ್ಸ್, ಅದೇ 66ಕ್ಕೆ ಲಾಯ್ಡ್. 76ಕ್ಕೆ ಬಾಕಸ್. ಆರು ವಿಕೆಟ್ಟು.

ಅಷ್ಟರಲ್ಲಿ ಸೆಲ್ ಮುಗಿಯಿತು.

ದನಿ ಸಣ್ಣಗಾಗುತ್ತಾ ಹೋಗಿ ನಿಂತಿತು. ಮನೆಯಲ್ಲಿ ಬೇರೆ ಸೆಲ್ ಇದ್ದದ್ದು ಟಾರ್ಚಿನಲ್ಲಿ ಮಾತ್ರ. ಟಾರ್ಚು ಚಿಕ್ಕಪ್ಪನ ಕೈಲಿ, ಚಿಕ್ಕಪ್ಪ ಆಚೆ ಮನೆಯಲ್ಲಿ. ನಮ್ಮ ಕಡೆ ಆಚೆ ಮನೆ ಅಂದರೆ ತೋಟ ಇಳಿದು, ಸಂಕ ದಾಟಿ, ಗುಡ್ಡ ಹತ್ತಿ ಹೋಗಬೇಕು. ಆ ಮಳೆಯಲ್ಲಿ ಹೋಗುವ ಹಾಗಿರಲಿಲ್ಲ. ಗಂಟೆಯ ಮೇಲೆ ಕಾದೆವು. ಚಿಕ್ಕಪ್ಪ ಬಂದು ಗೊರಬು ತೆಗೆಯುವ ಮೊದಲೇ ಅಪ್ಪಯ್ಯ ಟಾರ್ಚು ಕಿತ್ತುಕೊಂಡು ಸೆಲ್ ತೆಗೆದರು. ಹಾಕಿ ತಿರುಗಿಸಿದರೆ ಒಂಬತ್ತು ವಿಕೆಟ್ ಹೋಗಿತ್ತು. ಕೊನೆಯ ಎಲ್‌ಬಿಡಬ್ಲ್ಯೂ ಮಾತ್ರ ಕೇಳಿದೆವು.

ಪುಸ್ತಕದಲ್ಲಿ ಆ ಜಾಗ ಹಾಗೇ ಇದೆ. 76ಕ್ಕೆ ಆರು, ಆಮೇಲೆ ಮೂರು ಸಾಲು ಖಾಲಿ, ಆಮೇಲೆ ‘ಹೋಲ್ಡಿಂಗ್, 140’. ಕೇಳದ್ದನ್ನು ಅಪ್ಪಯ್ಯ ಬರೆಯಲಿಲ್ಲ. ಮರುದಿನ ಪೇಪರ್ ನೋಡಿ ತುಂಬಿಸಬಹುದಿತ್ತು, ತುಂಬಿಸಲಿಲ್ಲ.

ಇದನ್ನು ಬರೆಯೋಕೆ ಇನ್ನೊಂದು ಕಾರಣವೂ ಇದೆ. ಅಪ್ಪಯ್ಯನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಬಹಳ ಮಂಜು. ಟಿವಿ ಮುಂದೆ ಕೂರುತ್ತಾರೆ, ಜನ ಕೂಗಿದ ಕೂಡಲೇ ‘ಏನಾಯ್ತು? ಎಲ್ಲಿಗೆ ಹೋಯ್ತು?’ ಅಂತಾರೆ. ನಾನು ಹೇಳುವಷ್ಟರಲ್ಲಿ ಮುಂದಿನ ಬಾಲ್ ಆಗಿರುತ್ತದೆ. ಈಗಲೂ ರೇಡಿಯೊ ಕಾಮೆಂಟರಿ ಸಿಗುತ್ತದೆಯಾ? ನಿಮ್ಮ ನೆನಪೂ ಹೇಳಿ, ಅದೂ ಹೇಳಿ. ಅಪ್ಪಯ್ಯನಿಗೆ ಎಲ್ಲ ಓದಿ ಹೇಳುತ್ತೇನೆ.

ಒಂಟಿಕೊಪ್ಪಲಿನ ಅಕ್ಕ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಕೇಳದ್ದನ್ನು ಬರೆಯಲಿಲ್ಲ ಅನ್ನುವ ಮಾತು ಓದಿ ನಮ್ಮ ತಾತ ನೆನಪಾದರು.

ನಮ್ಮದು ಮೈಸೂರು. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರಲ್ಲ, ‘ಆಕಾಶವಾಣಿ’ ಅನ್ನೋ ಹೆಸರು ಬಂದದ್ದು ಅಲ್ಲಿಂದಲೇ ಅಲ್ವಾ, ಆ ಮನೆ ನಮ್ಮ ಬಡಾವಣೆಯಲ್ಲೇ. ತಾತನಿಗೆ ಅದೊಂದು ದೊಡ್ಡ ಹೆಮ್ಮೆ. ನಮ್ಮ ಹಾಲಿನಲ್ಲಿ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಇತ್ತು. ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ಬಿಸಿಯಾಗಬೇಕು. ಆ ಹಸಿರು ಕಣ್ಣು ನಿಧಾನವಾಗಿ ಹತ್ತಿಕೊಳ್ಳುವ ತನಕ ಎಲ್ಲರೂ ಸುಮ್ನೆ ಕಾಯಬೇಕು.

ನನ್ನ ಮ್ಯಾಚು 1971ರ ಓವಲ್ ಟೆಸ್ಟ್, ಇಂಗ್ಲೆಂಡ್ ವಿರುದ್ಧದ್ದು. ನನಗಾಗ ಎಂಟು ವರ್ಷ. ಅವತ್ತು ಗೌರಿ ಹಬ್ಬ. ಮಧ್ಯಾಹ್ನದ ಹೋಳಿಗೆ ಊಟ ಆಗಿ, ಬಾಗಿನದ ಮೊರ ಎಲ್ಲ ಎತ್ತಿಟ್ಟು, ಅಜ್ಜಿ ಅಮ್ಮ ಅತ್ತೆ ಎಲ್ಲ ಅಡುಗೆಮನೆ ಬಾಗಿಲಲ್ಲಿ ಕೂತಿದ್ದರು. ಹಾಲಿನಲ್ಲಿ ಗಂಡಸರು. ತಾತ ಬಿಬಿಸಿ ಹಾಕಿದ್ದರು. ಇಂಗ್ಲಿಷು ನನಗೆ ಒಂದಕ್ಷರ ಗೊತ್ತಿಲ್ಲ. ಆದರೆ ‘ಚಂದ್ರಶೇಖರ್’ ಅಂತ ಹೇಳಿದಾಗಲೆಲ್ಲ ತಾತ ಒಂದು ಬೆರಳು ಎತ್ತುತ್ತಿದ್ದರು. ಆರು ಸಲ ಎತ್ತಿದರು. ಇಂಗ್ಲೆಂಡ್ 101ಕ್ಕೆ ಆಲೌಟ್, ಚಂದ್ರ 38 ರನ್ನಿಗೆ ಆರು. ಅಜ್ಜಿ ಒಂದೇ ಮಾತು ಕೇಳಿದರು: ‘ಯಾವ ಕೈಯಲ್ಲಿ ಹಾಕ್ತಾನೆ?’ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಅಂತ ತಾತ ಹೇಳಿದಾಗ ಅಜ್ಜಿ ಕಣ್ಣು ಒರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಚಂದ್ರ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ.

ಮರುದಿನ ಗಣೇಶ ಚೌತಿ. ಆ ದಿನ ಗೆದ್ದೆವು. ಅಲ್ಲಿ ಲಂಡನ್ನಿನಲ್ಲಿ ನಮ್ಮವರು ಒಂದು ಆನೆಯನ್ನೇ ಮೈದಾನಕ್ಕೆ ಕರೆತಂದಿದ್ದರಂತೆ, ಬೆಲ್ಲಾ ಅಂತ ಹೆಸರು. ಪೇಪರಿನಲ್ಲಿ ಫೋಟೊ ನೋಡಿ ಅಜ್ಜಿ ದೇವರ ಮುಂದೆ ಇಟ್ಟರು.

ಒಂದು ಮಾತು ಹೇಳಲೇಬೇಕು. ನಮ್ಮ ಮನೆಯ ಹೆಂಗಸರು ಯಾರೂ ಒಂದು ಮ್ಯಾಚನ್ನೂ ಮೈದಾನಕ್ಕೆ ಹೋಗಿ ನೋಡಿದವರಲ್ಲ. ಆದರೆ ಅತ್ತೆಗೆ ಯಾರ ಆವರೇಜ್ ಎಷ್ಟು ಅಂತ ಬಾಯಿಗೇ ಬರುತ್ತಿತ್ತು. ಎಲ್ಲ ಬಾಗಿಲ ಹಿಂದೆ ಕೂತು ಕೇಳಿದ್ದೇ. ಈ ನೆನಪಿನ ಮಾತು ಬಂದಾಗಲೆಲ್ಲ ಬರೀ ಹುಡುಗರ ಕಥೆ ಬರುತ್ತದೆ, ಅದಕ್ಕೇ ಬರೆದೆ.

ಹುಬ್ಬಳ್ಳಿ ಮಂದಿ

ಅಕ್ಕಾರ, ಭಾಳ ಛಲೋ ಬರೆದೀರಿ. ನಮ್ಮ ಮನೆಯಲ್ಲಿ ರೇಡಿಯೊನೇ ಇರಲಿಲ್ಲ. ದುರ್ಗದಬೈಲಿನ ಹತ್ತಿರ ಒಂದು ಚಾದಂಗಡಿ ಮುಂದೆ ನಿಂತು ಕೇಳುತ್ತಿದ್ದೆವು. ಅಂಗಡಿಯವರು ಒಂದು ಕರಿಹಲಗೆ ತೂಗುಹಾಕಿದ್ದರು. ಓವರ್ ಮುಗಿದಾಗೊಮ್ಮೆ ಒಬ್ಬ ಹುಡುಗ ಒದ್ದೆ ಬಟ್ಟೆಯಿಂದ ಒರೆಸಿ ಹೊಸ ಸ್ಕೋರು ಬರೆಯುತ್ತಿದ್ದ. ಸೈಕಲ್ ಮೇಲೆ ಹೋಗುವವರು ಒಂದು ಕಾಲು ನೆಲಕ್ಕೆ ಊರಿ ಓದಿಕೊಂಡು ಮುಂದೆ ಹೋಗುತ್ತಿದ್ದರು.

1975ರ ಜನವರಿ 11, ವೆಸ್ಟ್ ಇಂಡೀಸ್ ವಿರುದ್ಧ ಮದ್ರಾಸ್ ಟೆಸ್ಟ್. ಸಂಕ್ರಾಂತಿ ಮುಂದಿತ್ತು, ಅಂಗಡಿ ತುಂಬ ಕುಸುರೆಳ್ಳು. ಆಂಡಿ ರಾಬರ್ಟ್ಸ್ ಒಬ್ಬೊಬ್ಬರನ್ನೇ ಕಳಿಸುತ್ತಿದ್ದ. ಆ ದಿನ ಏಳು ವಿಕೆಟ್ ತೆಗೆದ. ಒಂದೇ ಕಡೆ ನಿಂತದ್ದು ನಮ್ಮ ವಿಶ್ವನಾಥ್. ಕಾಮೆಂಟರಿಯಲ್ಲಿ ‘ಸ್ಕ್ವೇರ್ ಕಟ್’ ಅಂದರೆ ಸಾಕು, ಅಂಗಡಿ ಮುಂದಿನ ಮಂದಿಯೆಲ್ಲ ಕೈ ಬೀಸುತ್ತಿದ್ದರು. ಕಣ್ಣಿಂದ ವಿಶಿ ಆಟ ನೋಡಿದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಆದರೂ ಆ ಶಾಟು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಚಂದ್ರ ಬ್ಯಾಟಿಗೆ ಬಂದರು. ಚಂದ್ರ ಬ್ಯಾಟಿಂಗ್ ಹೆಂಗ ಅಂತ ಎಲ್ಲರಿಗೂ ಗೊತ್ತಲ್ಲ. ವಿಶಿ ತೊಂಬತ್ತರಲ್ಲಿ. ಚಾ ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಂದ್ರ ಔಟಾದರು. ಒಟ್ಟು 190, ಅದರಲ್ಲಿ ವಿಶ್ವನಾಥ್ 97, ನಾಟೌಟ್. ಆ ಹುಡುಗ ಹಲಗೆ ಮೇಲೆ 97 ಬರೆದು ಪಕ್ಕಕ್ಕೆ ನಕ್ಷತ್ರ ಹಾಕಿದ. ರಾತ್ರಿ ಅಂಗಡಿ ಮುಚ್ಚುವಾಗಲೂ ಅದನ್ನು ಒರೆಸಲಿಲ್ಲ. ಆ ಟೆಸ್ಟ್ ನಾವೇ ಗೆದ್ದೆವು, 100 ರನ್ನಿಂದ. ನಾನು ಅದಾದ ಮೇಲೆ ಬೇಕಾದಷ್ಟು ಸೆಂಚುರಿ ನೋಡಿದ್ದೇನೆ. ನನ್ನ ಮಟ್ಟಿಗೆ ಆ 97ರ ಮುಂದೆ ಯಾವುದೂ ಇಲ್ಲ.

ರಿಪೇರಿ ಟೇಬಲ್

ತೋಟದಮನೆಯವರೇ, ಮೊದಲು ಕೆಲಸದ ಮಾತು. ಆ ಟ್ರಾನ್ಸಿಸ್ಟರನ್ನು ಈಗಲೇ ಸೆಲ್ ಹಾಕಿ ಆನ್ ಮಾಡಬೇಡಿ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಸೆಲ್ ಸೋರಿದೆ ಅಂತ ಅರ್ಥ. ನಿಂಬೆರಸ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿಸಿ, ನುಣ್ಣನೆಯ ಉಪ್ಪುಕಾಗದದಲ್ಲಿ ಉಜ್ಜಿ. ಮುಳ್ಳು ಓಡದಿದ್ದರೆ ಡಯಲ್ ದಾರ ತುಂಡಾಗಿರುತ್ತದೆ, ಅದು ಹತ್ತು ನಿಮಿಷದ ಕೆಲಸ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳು. ದನಿ ಸಣ್ಣಗೆ ಬಂದರೆ ಕಂಡೆನ್ಸರ್ ಒಣಗಿದೆ. ಇಷ್ಟೇ. ಈ ಸೆಟ್‌ಗಳು ಸುಲಭಕ್ಕೆ ಸಾಯುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ.

ಇನ್ನು ಶಾರ್ಟ್‌ವೇವ್‌ನಲ್ಲಿ ದನಿ ಅಲೆ ಅಲೆಯಾಗಿ ಬರುತ್ತಿತ್ತಲ್ಲ, ಒಮ್ಮೆ ಕಿವಿ ಪಕ್ಕ, ಒಮ್ಮೆ ಏಳು ಸಮುದ್ರದಾಚೆ. ಅದು ಸೆಟ್‌ನ ದೋಷ ಅಲ್ಲ. ಲಂಡನ್ನಿಂದ ಹೊರಟ ಅಲೆ ನೇರ ಬರುವುದಿಲ್ಲ. ಮೇಲೆ ನೂರಾರು ಕಿಲೊಮೀಟರ್ ಎತ್ತರದ ಗಾಳಿಪದರಕ್ಕೆ ತಾಗಿ ಕೆಳಗೆ ಬಾಗುತ್ತದೆ, ನೆಲಕ್ಕೆ ಬಡಿದು ಮತ್ತೆ ಮೇಲೆ ಹೋಗುತ್ತದೆ, ಹೀಗೆ ಕುಪ್ಪಳಿಸಿಕೊಂಡು ಬರುತ್ತದೆ. ಒಂದೇ ಮಾತು ಎರಡು ಮೂರು ದಾರಿ ಹಿಡಿದು ಬರುವುದರಿಂದ ಒಮ್ಮೆ ಕೂಡಿಕೊಂಡು ಜೋರಾಗುತ್ತದೆ, ಒಮ್ಮೆ ಒಂದನ್ನೊಂದು ಕಳೆದುಕೊಂಡು ಮಾಯವಾಗುತ್ತದೆ. ಆ ಪದರಕ್ಕೆ ಬಿಸಿಲೇ ಆಧಾರ. ಹಾಗಾಗಿ ಹಗಲು ಸಿಕ್ಕ ಸ್ಟೇಷನ್ ರಾತ್ರಿ ಅದೇ ಮೀಟರಿನಲ್ಲಿ ಸಿಗುತ್ತಿರಲಿಲ್ಲ.

ಸೆಲ್ ಬಿಸಿಲಿಗೆ ಇಡುತ್ತಿದ್ದದ್ದೂ ನೆನಪಿರಬೇಕಲ್ಲ? ಮೂಢನಂಬಿಕೆ ಅನ್ನುತ್ತಾರೆ. ಅಲ್ಲ. ಹಳೇ ಸತು-ಇಂಗಾಲದ ಸೆಲ್ಲಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಬೆಚ್ಚಗೆ ಮಾಡಿದರೆ ಇನ್ನೊಂದಷ್ಟು ಹೊತ್ತು ಓಡುತ್ತದೆ. ಒಂದು ಸೆಷನ್ ಕಾಮೆಂಟರಿಗೆ ಸಾಕಾಗುವಷ್ಟು.

ಬಸ್ಸಿನ ಕಿಟಕಿ

1999ರ ಫೆಬ್ರವರಿ 7, ಭಾನುವಾರ. ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್. ಚಿತ್ರದುರ್ಗದಿಂದ ದಾವಣಗೆರೆಗೆ ಸರ್ಕಾರಿ ಬಸ್ಸು. ಮುಂದಿನ ಸೀಟಿನ ಹಿರಿಯರೊಬ್ಬರ ಕೈಯಲ್ಲಿ ಸಣ್ಣ ಪಾಕೆಟ್ ರೇಡಿಯೊ. ಕಾಮೆಂಟರಿ ಹಿಂದಿಯಲ್ಲಿ. ಅವರ ಪಕ್ಕ ಕೂತಿದ್ದವರು ಮಿಲಿಟರಿಯಲ್ಲಿ ಇದ್ದವರಂತೆ, ಪ್ರತಿ ಬಾಲನ್ನೂ ಎದ್ದು ನಿಂತು ಕನ್ನಡದಲ್ಲಿ ಬಸ್ಸಿಗೆಲ್ಲ ಹೇಳಿದರು. ‘ಏಳು ಆಯ್ತು.’ ‘ಎಂಟು, ಕುಂಬ್ಳೆನೇ.’ ‘ಒಂಬತ್ತೂ ಅವನಿಗೇ!’

ಆಮೇಲೆ ಶ್ರೀನಾಥ್ ಓವರ್. ‘ದೂರ ಹಾಕ್ತಿದಾನೆ... ವೈಡ್... ವಿಕೆಟ್ ಬೀಳಬಾರದು ಅಂತ ಬೇಕಂತಲೇ ಆಚೆ ಹಾಕ್ತಿದಾನೆ.’ ಒಬ್ಬ ಮೈಸೂರಿನ ಹುಡುಗ ಬೆಂಗಳೂರಿನ ಗೆಳೆಯನಿಗಾಗಿ ಇಡೀ ಓವರ್ ಬಿಟ್ಟುಕೊಡುತ್ತಿದ್ದಾನೆ ಅನ್ನುವುದು ಬಸ್ಸಿಗೆ ಅರ್ಥ ಆಯಿತು. ಒಬ್ಬ ಅಜ್ಜಿ ‘ಒಳ್ಳೇ ಹುಡುಗ’ ಅಂದರು. ವಾಸಿಂ ಅಕ್ರಮ್ ಬ್ಯಾಟಿಗೆ ತಾಗಿ ಲಕ್ಷ್ಮಣ್ ಕೈಗೆ ಹೋದಾಗ ಡ್ರೈವರ್ ಹಾರ್ನ್ ಒತ್ತಿ ಹಿಡಿದವರು ಬಿಡಲೇ ಇಲ್ಲ. ಕುಂಬ್ಳೆಗೆ 74 ರನ್ನಿಗೆ ಹತ್ತೂ ವಿಕೆಟ್.

ಆ ವಿಡಿಯೊ ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಆದರೂ ನನ್ನ ತಲೆಯಲ್ಲಿ ಓಡುವುದು ಆ ಬಸ್ಸಿನ ಕಾಮೆಂಟರಿಯೇ.

ಹಳೇ ಮೇಷ್ಟ್ರು

ನಾನು ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು. ನನಗೆ ಇಂಗ್ಲಿಷ್ ಕಲಿಸಿದ್ದು ಕಾಮೆಂಟರಿ. ಅನಂತ್ ಸೆಟಲ್ವಾಡ್ ಅವರ ದನಿ ಕೇಳಿದವರು ಮರೆಯುವುದಿಲ್ಲ. ಅವಸರ ಇಲ್ಲ, ಕೂಗಾಟ ಇಲ್ಲ. ಸುರೇಶ್ ಸರಯ್ಯಾ ಅವರದು ಬೇರೆ ರೀತಿ, ಮಾತಿನಲ್ಲಿ ಹುರುಪು ಜಾಸ್ತಿ. ಹಿಂದಿಯಲ್ಲಿ ಸುಶೀಲ್ ದೋಶಿ. ಇವರಿಗಿಂತ ಹಿಂದೆ, 1934ರಲ್ಲೇ, ಬಾಂಬೆಯಲ್ಲಿ ತಲ್ಯಾರ್ ಖಾನ್ ಅನ್ನುವವರು ಶುರು ಮಾಡಿದ್ದರು. ಇಡೀ ದಿನ ಒಬ್ಬರೇ ಮೈಕ್ ಮುಂದೆ ಕೂತು ಹೇಳುತ್ತಿದ್ದರಂತೆ.

ನಾವು ಮೈದಾನ ನೋಡದೆಯೇ ಫೀಲ್ಡಿಂಗ್ ಜಾಗ ಕಲಿತವರು. ಶಾಲೆಯ ಅಂಗಳದಲ್ಲಿ ಸುಣ್ಣದ ಕಲ್ಲಿಂದ ವೃತ್ತ ಬರೆದು ‘ಇದು ಕವರು, ಇದು ಮಿಡ್‌ವಿಕೆಟ್ಟು’ ಅಂತ ಗುರುತು ಹಾಕುತ್ತಿದ್ದೆ. ‘ಸಿಲ್ಲಿ ಪಾಯಿಂಟ್’ ಎಲ್ಲಿ ಅಂತ ಎರಡು ವರ್ಷ ಗೊತ್ತಾಗಲಿಲ್ಲ. ಪೇಪರಿನಲ್ಲಿ ‘ದಾಂಡಿಗ’, ‘ಹುದ್ದರಿ’, ‘ಎಸೆತ’ ಅಂತ ಬರುತ್ತಿತ್ತು, ರೇಡಿಯೊದಲ್ಲಿ ‘ಬ್ಯಾಟ್ಸ್‌ಮನ್’, ‘ವಿಕೆಟ್’. ಎರಡನ್ನೂ ಹೊಂದಿಸಿಕೊಂಡು ಓದುವುದೇ ನಮ್ಮ ಪಾಠ. ಕಾಮೆಂಟರಿಗೆ ‘ವೀಕ್ಷಕ ವಿವರಣೆ’ ಅನ್ನುವ ಪದ ನನಗೆ ಇವತ್ತಿಗೂ ಇಷ್ಟ. ದಸರಾ ಜಂಬೂಸವಾರಿಯ ವಿವರಣೆಯನ್ನು ಮೈಸೂರು ಆಕಾಶವಾಣಿಯಲ್ಲಿ ಕೇಳಿದವರಿಗೆ ಅದರ ರುಚಿ ಗೊತ್ತು. ನೋಡಿದವನು ನೋಡದವನಿಗೆ ಹೇಳಬೇಕು. ಅಷ್ಟೂ ಆ ಪದದಲ್ಲಿದೆ.

ಕಡಲಾಚೆ ಕನ್ನಡಿಗ

ನಾನು ಲಾಸ್ ಏಂಜಲೀಸ್ ಹತ್ತಿರ ಇರುವುದು, ಇಪ್ಪತ್ತೆಂಟು ವರ್ಷ ಆಯಿತು. ಮೇಷ್ಟ್ರು ತಲ್ಯಾರ್ ಖಾನ್ ಅವರ ಬಗ್ಗೆ ಬರೆದದ್ದು ನೋಡಿ ಇದನ್ನು ಹೇಳಬೇಕು ಅನ್ನಿಸಿತು. ಇಲ್ಲಿ ಬೇಸ್‌ಬಾಲ್‌ಗೂ ಹಾಗೆಯೇ ಒಬ್ಬರೇ ಕೂತು ಹೇಳುವವರು ಇದ್ದರು. ವಿನ್ ಸ್ಕಲಿ. 1950ರಿಂದ 2016ರವರೆಗೆ ಡಾಡ್ಜರ್ಸ್ ತಂಡಕ್ಕೆ ಕಾಮೆಂಟರಿ. ಅರವತ್ತೇಳು ಸೀಸನ್.

ಬಂದ ಹೊಸದರಲ್ಲಿ ನನಗೆ ಬೇಸ್‌ಬಾಲ್ ಏನೂ ಗೊತ್ತಿರಲಿಲ್ಲ. ಆಫೀಸಿಂದ ಮನೆಗೆ ಒಂದೂವರೆ ಗಂಟೆ ಡ್ರೈವ್. ಕಾರಿನ ರೇಡಿಯೊ ತಿರುಗಿಸುವಾಗ ಈ ದನಿ ಸಿಕ್ಕಿತು. ಬಾಲ್ ಹಾಕುವವನು ಟೋಪಿ ಸರಿಮಾಡಿಕೊಂಡ, ಸಂಜೆಯ ನೆರಳು ಅರ್ಧ ಮೈದಾನಕ್ಕೆ ಬಂತು, ಅಂತೆಲ್ಲ ಹೇಳುತ್ತಿದ್ದರು. ನಿಯಮ ಗೊತ್ತಿಲ್ಲದೆಯೂ ಕೇಳುತ್ತಾ ಕೂತೆ. ಮನೆ ಮುಂದೆ ಕಾರು ನಿಲ್ಲಿಸಿ ಇಳಿಯದೆ ಕೇಳಿದ ದಿನಗಳಿವೆ. ಬಳ್ಳಾರಿಯ ನಮ್ಮ ಮನೆಯ ಜಗಲಿ, ಅಪ್ಪನ ತೊಡೆ ಮೇಲಿನ ರೇಡಿಯೊ ಎಲ್ಲ ನೆನಪಾಗುತ್ತಿತ್ತು. ಭಾಷೆ ಬೇರೆ, ಆಟ ಬೇರೆ, ಆದರೆ ಹಿಂದೆ ಕೇಳುವ ಜನರ ಗುಂಯ್ ಸದ್ದು ಒಂದೇ.

ಇಲ್ಲಿನವರಿಗೂ ನಮ್ಮ ಹಾಗೆಯೇ ಬಾಲ್ಯದ ಕಥೆ ಇದೆ. ರೇಡಿಯೊದಲ್ಲಿ ಬೇಸ್‌ಬಾಲ್ ಮೊದಲು ಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗಿನ ಕೆಡಿಕೆಎ ಸ್ಟೇಷನ್ನಿಂದ. ಆಮೇಲೆ ಟ್ರಾನ್ಸಿಸ್ಟರ್ ಬಂದ ಮೇಲಂತೂ ಮಕ್ಕಳೆಲ್ಲ ದಿಂಬಿನ ಕೆಳಗೆ ಇಟ್ಟುಕೊಂಡು, ಅಪ್ಪ ಅಮ್ಮನಿಗೆ ಕೇಳದ ಹಾಗೆ ಸಣ್ಣಗೆ ಹಾಕಿ ಮಲಗುತ್ತಿದ್ದರಂತೆ. ನನ್ನ ಪಕ್ಕದ ಮನೆಯ ಅಜ್ಜ ಈಗಲೂ ಅದನ್ನು ಹೇಳುವಾಗ ಕೈಯನ್ನು ಕಿವಿ ಕೆಳಗೆ ಇಟ್ಟು ತೋರಿಸುತ್ತಾರೆ. 1958ರಲ್ಲಿ ಡಾಡ್ಜರ್ಸ್ ಈ ಊರಿಗೆ ಬಂದಾಗ ಆಟ ನಡೆಯುತ್ತಿದ್ದದ್ದು ಕೊಲಿಸಿಯಂ ಅನ್ನುವ ಭಾರೀ ಸ್ಟೇಡಿಯಂನಲ್ಲಿ. ಹಿಂದೆ ಕೂತವರಿಗೆ ಏನೂ ಸರಿಯಾಗಿ ಕಾಣದು. ಅದಕ್ಕೆ ಜನ ಟ್ರಾನ್ಸಿಸ್ಟರ್ ತಂದು, ಕಣ್ಣೆದುರಿನ ಆಟವನ್ನೇ ಸ್ಕಲಿ ಬಾಯಿಂದ ಕೇಳುತ್ತಿದ್ದರು.

ಸ್ಕಲಿ ಅವರೂ ಚಿಕ್ಕವರಿದ್ದಾಗ ಮನೆಯ ದೊಡ್ಡ ರೇಡಿಯೊದ ಕಾಲುಗಳ ನಡುವೆ ದಿಂಬು ಹಾಕಿಕೊಂಡು ಮಲಗಿ ಆಟ ಕೇಳುತ್ತಿದ್ದರಂತೆ. ಜನರ ಕೂಗು ಮೇಲಿಂದ ನೀರಿನ ಹಾಗೆ ಸುರಿಯಬೇಕು ಅಂತ. ಇನ್ನೊಂದು ವಿಷಯ. 1965ರ ಸೆಪ್ಟೆಂಬರ್ 9ರಂದು ಡಾಡ್ಜರ್ಸ್‌ನ ಬಾಲ್ ಹಾಕುವವ ಸ್ಯಾಂಡಿ ಕೂಫ್ಯಾಕ್ಸ್ ಎದುರಾಳಿಯ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ಆಟ ಮುಗಿಸಿದ. ಆ ಕೊನೆಯ ಭಾಗದಲ್ಲಿ ಸ್ಕಲಿ ನಡುನಡುವೆ ಗಡಿಯಾರ ನೋಡಿ ಟೈಮ್ ಹೇಳಿದರು. ಮುಗಿದದ್ದು ರಾತ್ರಿ 9.46ಕ್ಕೆ. ಕೂಫ್ಯಾಕ್ಸ್ ಮುಂದೆ ಯಾವತ್ತಾದರೂ ಆ ರೆಕಾರ್ಡಿಂಗ್ ಕೇಳಿದರೆ ಆ ಗಳಿಗೆ ಅವನಿಗೆ ಪೂರ್ತಿ ಸಿಗಲಿ ಅನ್ನುವುದು ಅವರ ಆಸೆ.

ತೋಟದಮನೆಯವರ ತಂದೆ ಪೆನ್ಸಿಲ್‌ನಲ್ಲಿ ಮಾಡಿದ್ದೂ ಅದೇ ಅಲ್ವಾ?

ಮಾಟುಂಗಾ ಉಡುಪಿಯವ

ನಾನು 1974ರಲ್ಲಿ ಮುಂಬೈಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ. ಬಾಂಬೆ ಹದಿನೈದು ವರ್ಷ ಸತತ ರಣಜಿ ಗೆದ್ದಿತ್ತು. ಆ ಮಾರ್ಚಿನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ಕರ್ನಾಟಕ ತಂಡ ಅದನ್ನು ನಿಲ್ಲಿಸಿತು. ನನಗೆ ಸಿಕ್ಕದ್ದು ಕಾಮೆಂಟರಿ ಅಲ್ಲ, ಗಲ್ಲಾದ ಮೇಲಿನ ರೇಡಿಯೊದ ಸಂಜೆಯ ಸುದ್ದಿ, ಒಂದೇ ವಾಕ್ಯ. ಗಿರಾಕಿಗಳೆಲ್ಲ ಸುಮ್ಮನಾದರು. ಒಳಗೆ ಅಡುಗೆಮನೆಯಲ್ಲಿ ನಾವು ಎಂಟು ಜನ ಸದ್ದಿಲ್ಲದೆ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಆ ರಾತ್ರಿ ಮಾಲೀಕರು ನಮಗೆಲ್ಲ ಪಾಯಸ ಮಾಡಿಸಿದರು.

ಶಿವಮೊಗ್ಗದ ಕೇಳುಗ

ಎಲ್ಲರದ್ದೂ ಓದಿದೆ. ಓದಿದೆ ಅಂದರೆ ನನ್ನ ಫೋನು ಓದಿ ಹೇಳಿತು. ನಾನು ಹುಟ್ಟಿನಿಂದ ಕಣ್ಣು ಕಾಣದವನು.

ನೀವೆಲ್ಲ ನೆನಪು ಅನ್ನುತ್ತಿರುವುದು ನನಗೆ ನೆನಪಲ್ಲ. ನನಗೆ ಕ್ರಿಕೆಟ್ ಅಂದರೆ ಇವತ್ತಿಗೂ ಅದೇ. ಟಿವಿ ಕಾಮೆಂಟರಿ ನನಗೆ ಆಗಿಬರುವುದಿಲ್ಲ. ನೋಡುತ್ತಿರುವವರಿಗೆ ಅಂತಲೇ ಮಾತಾಡುತ್ತಾರೆ. ‘ಅದ್ಭುತ ಶಾಟ್!’ ಅನ್ನುತ್ತಾರೆ. ಎಲ್ಲಿಗೆ ಹೋಯಿತು? ನೆಲದ ಮೇಲಾ, ಗಾಳಿಯಲ್ಲಾ? ಹೇಳುವುದಿಲ್ಲ. ಹೇಳುವ ಅಗತ್ಯ ಅವರಿಗಿಲ್ಲ. ರೇಡಿಯೊದವರು ಹೇಳಲೇಬೇಕು, ಇಲ್ಲದಿದ್ದರೆ ಆಟವೇ ಇಲ್ಲ.

ತೋಟದಮನೆಯವರೇ, ನಿಮ್ಮ ತಂದೆ ‘ಎಲ್ಲಿಗೆ ಹೋಯ್ತು’ ಅಂತ ಕೇಳುವುದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಆಕಾಶವಾಣಿ ಈಗಲೂ ಭಾರತದ ಎಷ್ಟೋ ಮ್ಯಾಚುಗಳಿಗೆ ಹಿಂದಿ, ಇಂಗ್ಲಿಷಿನಲ್ಲಿ ಕಾಮೆಂಟರಿ ಕೊಡುತ್ತದೆ. ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಹುಡುಕಿ. ಟಿವಿ ದನಿ ಪೂರ್ತಿ ಮುಚ್ಚಿ ಅದನ್ನೇ ಹಾಕಿ. ನೀವು ಮಾತ್ರ ಚಿತ್ರ ನೋಡಬೇಡಿ, ಫೋನಿನ ದನಿ ಹಿಂದೆ ಮುಂದೆ ಇರುತ್ತದೆ, ಗೊಂದಲ ಆಗುತ್ತದೆ.

ಅದಕ್ಕಿಂತ ಒಳ್ಳೆಯದು, ನೀವೇ ಹೇಳಿ. ನನಗೆ ನನ್ನ ಅಕ್ಕ ಹೇಳುತ್ತಿದ್ದಳು. ಬಾಲ್ ಹಾಕುವ ಮೊದಲೇ ಶುರು ಮಾಡಬೇಕು. ಯಾರು ಹಾಕುತ್ತಿದ್ದಾರೆ, ಯಾವ ಎಂಡಿಂದ (ಪಿಚ್‌ನ ಯಾವ ತುದಿಯಿಂದ), ಎದುರಿಗೆ ಯಾರು. ಬಾಲ್ ಬಿದ್ದ ಕೂಡಲೇ ಮೊದಲು ದಿಕ್ಕು ಹೇಳಿ, ಹೊಗಳಿಕೆ ಆಮೇಲೆ. ಫೀಲ್ಡರ್ ಎಲ್ಲಿದ್ದಾನೆ, ಹಿಡಿದನಾ, ಎಷ್ಟು ರನ್. ಕೊನೆಗೆ ಸ್ಕೋರು. ಪ್ರತಿ ಸಲವೂ ಸ್ಕೋರು ಹೇಳಿ, ಬೇಸರ ಮಾಡಿಕೊಳ್ಳಬೇಡಿ. ಅಕ್ಕ ಮೊದಮೊದಲು ತಡವರಿಸುತ್ತಿದ್ದಳು. ಆಮೇಲೆ ಅವಳ ಉಸಿರಿನ ಮೇಲೇ ನನಗೆ ಬೌಂಡರಿಯಾ ಕ್ಯಾಚಾ ಅಂತ ಗೊತ್ತಾಗುತ್ತಿತ್ತು.

ನಾನೂ ಆಡಿದ್ದೇನೆ. ನಮ್ಮ ಬಾಲಿನೊಳಗೆ ಸಣ್ಣ ಗುಂಡುಗಳಿರುತ್ತವೆ, ಗಲಗಲ ಅನ್ನುತ್ತದೆ, ಕೆಳಗಿನಿಂದ ಉರುಳಿಸಿ ಹಾಕುತ್ತಾರೆ. ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದುಕೊಟ್ಟ ನಾಯಕ. ಮುಂದೆ ಪದ್ಮಶ್ರೀ ಬಂತು. ಆ ಫೈನಲ್ ಗೆದ್ದ ಸುದ್ದಿ ಕೇಳಿದ ದಿನ ಅಕ್ಕನಿಗೆ ಫೋನ್ ಮಾಡಿ ನಾನೇ ಅವಳಿಗೆ ಕಾಮೆಂಟರಿ ಹೇಳಿದೆ.

ಹುಬ್ಬಳ್ಳಿ ಮಂದಿ

ಮೊದಲು ದಿಕ್ಕು, ಹೊಗಳಿಕೆ ಆಮೇಲೆ. ಇದನ್ನು ಟಿವಿಯವರೂ ಕೇಳಿಸಿಕೊಳ್ಳಬೇಕ್ರೀ.

ಬಿನ್ನಿ ಅಭಿಮಾನಿ

1983ರ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಫೈನಲ್‌ಗೆ ಒಂದು ವಾರ ಮೊದಲು, ಜೂನ್ 18, ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ. 17ಕ್ಕೆ ಐದು. ಅಲ್ಲಿಂದ ಕಪಿಲ್ 175. ಜೊತೆಗೆ ನಿಂತವರಲ್ಲಿ ಇಬ್ಬರು ನಮ್ಮವರು, ಬಿನ್ನಿ ಮತ್ತು ಕಿರ್ಮಾನಿ. ಕಿರ್ಮಾನಿ ಜೊತೆ ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್ ಬಂತು. ಅದರ ವಿಡಿಯೊ ಎಲ್ಲೂ ಇಲ್ಲ. ಕಂಡವರು, ಕೇಳಿದವರು ಹೇಳಿದ್ದರಿಂದಲೇ ಉಳಿದಿದೆ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ ವಿಕೆಟ್, 18, ರೋಜರ್ ಬಿನ್ನಿ. ಲಾಯ್ಡ್ ವಿಕೆಟ್ ಕೂಡ ಅವರದೇ. ನಿಮ್ಮ ಅಪ್ಪಯ್ಯನ ಪುಸ್ತಕದಲ್ಲಿ ಬೌಲರ್ ಹೆಸರು ಇದೆಯಾ ನೋಡಿ.

ತೋಟದಮನೆ

ಇದೆ. ‘ಲಾಯ್ಡ್, ಕ್ಯಾಚ್ ಕಪಿಲ್, ಬಿನ್ನಿ (ನಮ್ಮವ).’

ಇಷ್ಟು ದಿನ ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮೆ ಇರಲಿ. ದಿನಾ ರಾತ್ರಿ ಊಟ ಆದಮೇಲೆ ಒಂದೆರಡು ಬರಹ ಅಪ್ಪಯ್ಯನಿಗೆ ಓದುತ್ತಿದ್ದೆ. ಗೌರಿ ಹಬ್ಬದ ಕಥೆ ಎರಡು ಸಲ ಓದಿಸಿದರು. ರಿಪೇರಿಯವರು ಹೇಳಿದ ಹಾಗೆ ಸ್ಪ್ರಿಂಗ್ ಉಜ್ಜಿದೆ, ಡಯಲ್ ದಾರ ಪೇಟೆಯಲ್ಲಿ ಹಾಕಿಸಿದೆ. ಭದ್ರಾವತಿ ಸ್ಟೇಷನ್ ಸ್ವಲ್ಪ ಗೊರಗೊರ ಅಂದರೂ ಬರುತ್ತಿದೆ.

ಭಾನುವಾರ ಆ ಖಾಲಿ ಜಾಗ ತುಂಬಿಸಿದೆವು. ಸ್ಕೋರ್‌ಕಾರ್ಡ್ ಫೋನಿನಲ್ಲಿ ಇಟ್ಟುಕೊಂಡು, ಶಿವಮೊಗ್ಗದವರು ಹೇಳಿಕೊಟ್ಟ ಕ್ರಮದಲ್ಲೇ ಹೇಳಿದೆ. ಬೌಲರ್ ಯಾರು, ಎದುರಿಗೆ ಯಾರು, ಹೇಗೆ ಔಟು, ಸ್ಕೋರು ಎಷ್ಟು. ಡುಜಾನ್ ಮತ್ತು ಮಾರ್ಷಲ್ ನಿಂತುಬಿಟ್ಟಿದ್ದಾರೆ, 76 ಇದ್ದದ್ದು 119 ಆಗಿದೆ ಅಂದಾಗ ಅಪ್ಪಯ್ಯ ಮುಂದಕ್ಕೆ ಬಾಗಿ ಕೂತರು. ನಲವತ್ತು ವರ್ಷದ ಹಿಂದೆ ಮುಗಿದ ಮ್ಯಾಚು. ಆದರೂ ಬಾಗಿ ಕೂತರು. ‘ಡುಜಾನ್, ಬೌಲ್ಡ್ ಅಮರನಾಥ್, 25. ಏಳು ವಿಕೆಟ್, 119.’ ಅವರು ‘ಬರಿ’ ಅಂದರು. ಪೆನ್ಸಿಲ್ ತಗೊಂಡು ಬರೆದು ಸುತ್ತ ವೃತ್ತ ಹಾಕಿದೆ. ‘ಮಾರ್ಷಲ್, ಕ್ಯಾಚ್ ಗವಾಸ್ಕರ್, ಅಮರನಾಥ್, 18. ಎಂಟು, 124.’ ‘ಬರಿ.’ ‘ರಾಬರ್ಟ್ಸ್, ಎಲ್‌ಬಿಡಬ್ಲ್ಯೂ ಕಪಿಲ್, 4. ಒಂಬತ್ತು, 126.’ ‘ಬರಿ.’ ಮೂರು ಸಾಲಿಗೆ ಮೂರು ವಿಕೆಟ್ಟು. ಅವತ್ತು ಎಷ್ಟು ಜಾಗ ಬಿಡಬೇಕು ಅಂತ ಲೆಕ್ಕ ಹಾಕಿಯೇ ಬಿಟ್ಟಿದ್ದರು.

ಎಲ್ಲ ಬರೆದಾದ ಮೇಲೆ ಅಪ್ಪಯ್ಯ ಕೇಳಿದ್ದು ಒಂದೇ. ‘ಡುಜಾನ್ ಔಟಾದ್ದು ಯಾವ ಎಂಡಿಂದ? ಪೆವಿಲಿಯನ್ ಎಂಡಾ, ನರ್ಸರಿ ಎಂಡಾ?’

ಸ್ಕೋರ್‌ಕಾರ್ಡಿನಲ್ಲಿ ಅದು ಇಲ್ಲ. ವಿಡಿಯೊ ನೋಡಿ ಹೇಳುತ್ತೇನೆ ಅಂದೆ. ಬೇಡ, ಅವತ್ತು ರಾತ್ರಿ ರೇಡಿಯೊದಲ್ಲಿ ಕೇಳಿದವರು ಯಾರಾದರೂ ಇದ್ದರೆ ಅವರನ್ನೇ ಕೇಳು ಅಂದರು. ಆ ಹೊತ್ತಿನಲ್ಲಿ ಸೆಲ್ ಮುಗಿಯದೆ ಇದ್ದವರು ಯಾರಾದರೂ ಇಲ್ಲಿ ಇದ್ದೀರಾ?